ಸದ್ದಿಲ್ಲದ ಕಾಮಿಡಿ

ಅಮ್ಮನಿಗೆ ಸೀರಿಯಸ್ ಎಂದು ಸೋದರಮಾವನ ಫೋನ್ ಬಂದದ್ದೇ ಅಕ್ಕ ತಂಗಿ ಇಬ್ಬರೂ ವಿಮಾನ ಹತ್ತಿದ್ದರು. ಸೀಟಿನ ಮುಂದಿನ ಪುಟ್ಟ ಪರದೆಯಲ್ಲಿ ಕಾಮಿಡಿ ಸಿನಿಮಾ ಹಾಕಿಕೊಂಡು ತಂಗಿ ಬಿದ್ದು ಬಿದ್ದು ನಗುತ್ತಿದ್ದಳು.

“ಅಮ್ಮ ಐಸಿಯುನಲ್ಲಿದ್ದಾಳೆ ಕಣೇ ಶಾಲೂ. ನಿಂಗೆ ಹೆಂಗೇ ನಗು ಬರುತ್ತೆ?”

“ಅಮ್ಮಂಗೇನೂ ಆಗಲ್ಲ, ಸುಮ್ನಿರೇ ಅಳುಮುಂಜಿ. ನೀನೂ ಯಾವ್ದಾದ್ರೂ ಹಾಕ್ಕೋ.”

“ಹಾಕ್ಕೋತೀನಿ. ಇಳಿದ ತಕ್ಷಣ ಸೀದಾ ಆಸ್ಪತ್ರೆಗೇ ಹೋಗೋಣ, ಆಯ್ತಾ?”

“ಹೂಂ, ಆಸ್ಪತ್ರೆಗೇ.”

ತಂಗಿ ಮತ್ತೆ ಜೋರಾಗಿ ನಕ್ಕಳು. ತನ್ನ ಹೆಡ್‌ಫೋನ್ ಚುಚ್ಚಲು ಬಗ್ಗಿದ ಅಕ್ಕನಿಗೆ, ತಂಗಿಯ ಹೆಡ್‌ಫೋನಿನ ವೈರು ಅವಳ ತೊಡೆಯ ಮೇಲೇ ಬಿದ್ದಿರುವುದು ಕಂಡಿತು. ಅದನ್ನು ಎಲ್ಲಿಗೂ ಚುಚ್ಚಿರಲೇ ಇಲ್ಲ.

ಅಕ್ಕ ಅವಳ ಕೈ ಹಿಡಿದುಕೊಂಡಳು.

“ಅಮ್ಮ ಹೋಗ್ಬಿಟ್ಳು ಅಂತ ಮಾವ ನಿಂಗೂ ಹೇಳಿಬಿಟ್ರಾ?”