ಬಯಲಿನ ಕಲ್ಲು

ಮಿಲಿಟರಿ ಬೇಲಿಯ ಪಕ್ಕದ ಬಯಲಿಗೆ ನಾವು ಹೆಂಗಸರು ನಸುಕಿನಲ್ಲಿ ಚೊಂಬು ಹಿಡಿದು ಹೋಗುತ್ತೇವೆ. ಅಲ್ಲಿ ಮರೆಗೆ ಇರುವುದು ಕಲ್ಲುಗುಂಡುಗಳಷ್ಟೇ. ಅವತ್ತು ಮಾರಕ್ಕ ಒಂದು ಕಲ್ಲಿಗೆ ಕೈ ಊರಿ ಏಳುವಾಗ ಅದು ಬುರುಡೆಯಂತೆ ಹಗುರಾಗಿ ಉರುಳಿತು. ಒಳಗೆಲ್ಲ ವೈರು. ನನಗೆ ಮೈಮೇಲೆ ಹುಳ ಹರಿದಂತಾಯಿತು. ಮಾರಕ್ಕ ಅದನ್ನು ಸೆರಗಿನಲ್ಲಿ ಸುತ್ತಿ ಊರಿಗೆ ತಂದಳು.

ಮಧ್ಯಾಹ್ನ ಬೇಲಿಯಾಚೆಯಿಂದ ಒಬ್ಬ ಅಧಿಕಾರಿ ಆ ಕಲ್ಲನ್ನು ಕೇಳಿಕೊಂಡು ನಮ್ಮ ಕೇರಿಗೆ ಬಂದ.

“ಕಲ್ಲಿಗೆ ಕಣ್ಣು ಇಟ್ಟಿದೀರೇನಪ್ಪಾ? ನಾವು ಕೂರೋ ಜಾಗ ಅದು,” ಮಾರಕ್ಕ ಕೇಳಿದಳು.

“ಕಣ್ಣಿಲ್ಲಮ್ಮ. ಬಿಸಿಲಿಂದ ಚಾರ್ಜ್ ಆಗೋ ಮಿಷನ್ನು. ನೆಲ ಅದುರಿದ್ರೆ ತಿಳಿಸುತ್ತೆ, ಅಷ್ಟೆ. ನಡೆದದ್ದು ದನಾನೋ ಜನಾನೋ ಅಂತಲೂ ಅದಕ್ಕೆ ಗೊತ್ತಾಗಲ್ಲ.”

“ಇಂಥವು ಇನ್ನೆಷ್ಟು ಇಟ್ಟಿದೀರಿ?”

“ಅದು ಹೇಳಂಗಿಲ್ಲ.”

“ನಮ್ಮ ಕುಂಡಿ ನೋಡ್ಕೊಂಡು ದೇಶ ಕಾಯ್ತೀರೇನು?”

ಹೆಂಗಸರು ನಕ್ಕರು. ಅವನು ಮಾತ್ರ ನಗಲಿಲ್ಲ. “ನಮ್ಮವ್ವನಾಣೆಗೂ ಅದಕ್ಕೆ ಏನೂ ಕಾಣಲ್ಲಮ್ಮ,” ಅಂದ.

ಮಾರಕ್ಕ ಕಲ್ಲು ಕೊಟ್ಟಳು. ನನಗೂ ಹೋದ ಉಸಿರು ಬಂದಂತಾಯಿತು.

ಹೊರಟವನು, ಎಲ್ಲರ ಹಿಂದೆ ನಿಂತಿದ್ದ ನನ್ನ ಹತ್ತಿರ ಬಂದ. ಅವನನ್ನು ನಾನು ನೋಡಿದ್ದು ಅದೇ ಮೊದಲು. ಜೇಬಿನಿಂದ ಮಾತ್ರೆ ತೆಗೆದು ಮೆಲ್ಲಗೆ ನನ್ನ ಕೈಗಿಟ್ಟ.

“ಊಟ ಆದ್ಮೇಲೆ ಒಂದೊಂದು ನುಂಗು ತಂಗಿ. ನಾಲ್ಕು ದಿನದ ಭೇದಿ, ನಿಂತುಹೋಗುತ್ತೆ.”