ಅರ್ಧ ಇಂಚಿನ ಹೊಸ್ತಿಲು

ಬಾಗಿಲ ಬಳಿ ಬಂದ ಮುನಿನಾರಾಯಣಮ್ಮ ಬಲಗಾಲು ಎತ್ತಿದವಳು ಹಾಗೆಯೇ ನಿಂತುಬಿಟ್ಟಳು. ದಾಟಲು ಅಲ್ಲಿ ಹೊಸ್ತಿಲೇ ಇರಲಿಲ್ಲ.

"ಇದೇನಪ್ಪಾ, ಒಸ್ಲೇ ಇಲ್ಲ! ಮನೆಯೋ, ಕೊಟ್ಗೆಯೋ?"

"ಕೆಲ್ಸಾನೇ ಕೊಡದಿರೋ ಮನೆ ಕಣಮ್ಮೋ," ಎಂದ ಬ್ರೋಕರ್ ವೆಂಕಿ. "ಮೆಟ್ಲಿಲ್ಲ, ಎತ್ತರ ತಗ್ಗಿಲ್ಲ. ಒಂದು ಬಕೆಟ್ ನೀರು ಸುರುದ್ರೆ ಗೇಟ್‌ವರ್ಗೂ ತಾನೇ ತೊಳ್ಕೊಂಡೋಯ್ತದೆ. ನಿನ್ನ ಹಸಾ ಕಟ್ಟೋಕೆ ಮಾತ್ರ ಜಾಗ ಇಲ್ಲ."

"ಹಸಾ ಊರಾಗಿರ್ತವೆ. ಇದು ಮೊಮ್ಮಕ್ಕಳ ಸ್ಕೂಲಿಗೆ. ನೀನು ಒಸ್ಲಿನ ಮಾತಾಡ್ಲಾ."

ಬಂಗಾರಪೇಟೆಯ ಆ ಮನೆಯನ್ನು ಶ್ರೀಧರ್ ಕಟ್ಟಿಸಿದ್ದು ಗಾಲಿಕುರ್ಚಿಗಾಗಿ. ಮಗಳು ಧನುಶ್ರೀ ಹುಟ್ಟಿದಾಗಿನಿಂದ ಒಂದು ಹೆಜ್ಜೆ ನಡೆದವಳಲ್ಲ. ಗೇಟಿನಿಂದ ಬಚ್ಚಲಿನವರೆಗೆ ಅವಳ ಕುರ್ಚಿ ಎಲ್ಲೂ ತಡೆಯಬಾರದೆಂದು ಮೆಟ್ಟಿಲಿನ ಬದಲು ಇಳಿಜಾರು, ಅಂಗಳಕ್ಕೆಲ್ಲ ಸಿಮೆಂಟು. ಸ್ವಿಚ್ಚುಗಳೂ ಕೂತವಳ ಕೈಗೆ ಎಟಕುವಂತಿದ್ದವು. ಹದಿನೈದು ವರ್ಷ ಬದುಕಿದಳು. ಕಳೆದ ಚಳಿಗಾಲದಲ್ಲಿ ಕಫ ಕಟ್ಟಿ ನಾಲ್ಕೇ ದಿನಕ್ಕೆ ಹೋದಳು. ತಿಥಿ ಮುಗಿದ ಮರುದಿನವೇ ಹೆಂಡತಿ ಅಂಬಿಕ ಬೇತಮಂಗಲದ ತವರಿಗೆ ಹೊರಟಳು. "ಮನೆ ಮಾರಿ ಬನ್ನಿ. ನೀವು ಎಲ್ಲಿಗೆ ಕರೆದ್ರೂ ಬರ್ತೀನಿ. ಆ ಮನೆಯೊಳಕ್ಕೆ ಮಾತ್ರ ಕಾಲಿಡಲ್ಲ" ಎಂದಿದ್ದಳು.

ಮನೆ ಮಾರಿದರೆ ಹೆಂಡತಿ ಸಿಗುತ್ತಾಳೆ. ಶ್ರೀಧರನಿಗೆ ಉಳಿದಿದ್ದು ಅಷ್ಟೇ ಲೆಕ್ಕ. ನೋಡಲು ಬಂದವರ ಕಣ್ಣಿಗೆ ಬೀಳಬಾರದೆಂದು ಕುರ್ಚಿಯನ್ನು ಮಡಚಿ ಮಂಚದ ಕೆಳಗೆ ತಳ್ಳಿದ್ದ.

"ಹೊಸ್ತಿಲು ತಾನೇ? ಹಾಕಿಸಿಕೊಡ್ತೀನಮ್ಮ" ಎಂದ.

"ಅಂಗಾದ್ರೆ ಶುಕ್ರವಾರ ಬತ್ತೀನಿ. ಅರಿಶಿನ ಕುಂಕುಮ ನಾನೇ ತತ್ತೀನಿ. ಒಸ್ಲಿಗೆ ಪೂಜೆ ಮಾಡಿ, ಆಮೇಲೆ ಅಡ್ವಾನ್ಸು."

ಮನೆ ಇಬ್ಬರ ಹೆಸರಿನಲ್ಲೂ ಇದ್ದುದರಿಂದ ಶುಕ್ರವಾರ ಸಹಿ ಹಾಕಲು ಅಂಬಿಕಳೂ ಬಸ್ಸಿನಲ್ಲಿ ಬಂದಳು. ಗೇಟಿನ ಹೊರಗೇ ನಿಂತಳು. ಮುನಿನಾರಾಯಣಮ್ಮ ಕುಂಕುಮದ ಬಟ್ಟಲು ಹಿಡಿದು ಬಾಗಿಲಲ್ಲಿ ಕೂತವಳು ತಲೆ ಎತ್ತಿದಳು.

"ಲೇ ವೆಂಕಿ, ಬಾರ್ಲಾ ಇಲ್ಲಿ. ಒಸ್ಲಾ ಇದು? ನೆಲಕ್ಕೆ ಪಟ್ಟಿ ಅಂಟ್ಸಿದಂಗೈತಲ್ಲೋ!"

ಮರ ಹೊಸದು, ಒಳ್ಳೆಯ ಹೊನ್ನೆ. ಆದರೆ ಎತ್ತರ ಅರ್ಧ ಇಂಚು. ಅದೂ ಎರಡೂ ಕಡೆಗೆ ಇಳಿಜಾರು.

"ಬಡಗಿ ಕೋದಂಡಪ್ಪ ನಾಕು ಇಂಚು ಇಡ್ತೀನಿ ಅಂದ್ನಂತೆ," ವೆಂಕಿ ಹಣೆ ಉಜ್ಜಿಕೊಂಡ. "ಇವ್ರೇ ಬ್ಯಾಡ ಅಂತ ಅಳತೆ ಬರ್ಕೊಟ್ಟವ್ರೆ."

ಶ್ರೀಧರ್ ಮರವನ್ನೇ ನೋಡುತ್ತ ನಿಂತ. ಫ್ಯಾಕ್ಟರಿಯಲ್ಲಿ ಇಪ್ಪತ್ತು ವರ್ಷದಿಂದ ಅವನ ಕೆಲಸವೇ ಅಳತೆ ನೋಡುವುದು. ಬಡಗಿಗೆ ಚೀಟಿ ಬರೆಯುವಾಗ ಬೇರೆ ಅಂಕಿ ಅವನ ಕೈಗೆ ಬರಲೇ ಇಲ್ಲ.

"ಮ್ಯಾಲೆ ಇದೇನು ಕರೀ ಗೆರೆ, ಎರಡು? ಸೈಕಲ್ ಓಡಿಸಿದ್ರಾ?" ಮುನಿನಾರಾಯಣಮ್ಮ ಸೆರಗಿನ ತುದಿಯಿಂದ ಉಜ್ಜಿದಳು. ಗೆರೆ ಹೋಗಲಿಲ್ಲ.

ಅಂಬಿಕ ಗೇಟು ತಳ್ಳಿಕೊಂಡು ಒಳಗೆ ಬಂದಳು. ಇಳಿಜಾರು ಹತ್ತಿ, ಬಾಗಿಲಲ್ಲಿ ಬಗ್ಗಿ, ಎರಡಡಿ ಅಂತರದಲ್ಲಿ ಒಂದರ ಪಕ್ಕ ಒಂದು ಮೂಡಿದ್ದ ರಬ್ಬರಿನ ಗುರುತುಗಳನ್ನು ಬೆರಳಿನಿಂದ ಮುಟ್ಟಿದಳು. ತಲೆ ಎತ್ತಿ ಒಳಗೆ ನೋಡಿದಳು. ಹಾಲಿನ ನಡುವೆ ಕುರ್ಚಿ ಬಿಚ್ಚಿಕೊಂಡು, ಬಾಗಿಲಿಗೆ ಮುಖ ಮಾಡಿ ನಿಂತಿತ್ತು. ಖಾಲಿ.

"ನಂಗೇನೋ ಇದು ಸರಿ ಬರಲ್ಲಪ್ಪ," ಮುನಿನಾರಾಯಣಮ್ಮ ಬಟ್ಟಲು ಎತ್ತಿಕೊಂಡು ಎದ್ದಳು.

ಅಂಬಿಕ ಅದನ್ನು ಕೇಳಿಸಿಕೊಳ್ಳಲಿಲ್ಲ. ಗಂಡನ ಕಡೆ ತಿರುಗಿ ಮೆಲ್ಲಗೆ ಕೇಳಿದಳು:

"ಕುರ್ಚಿ ಸಲೀಸಾಗಿ ದಾಟ್ತಾ ರೀ?"