ಕಂಪ್ಯೂಟರಿನ ಹಿಂಬದಿ

ಫೋಟೋ ಸ್ಟುಡಿಯೋದ ಹಳೆಯ ಕಂಪ್ಯೂಟರಿಗೆ ನಿನ್ನೆಯಷ್ಟೇ ಹೊಸ ಡಿಸ್ಕ್ ಕೂರಿಸಿ ಲಿನಕ್ಸ್ ಎಂಬ ತಂತ್ರಾಂಶ ಹಾಕಿಸಿದ್ದರು. ಇವತ್ತು ಅದು ಚಾಲೂ ಆಗಲಿಲ್ಲ. ಕಪ್ಪು ಪರದೆಯ ಮೇಲೆ ಒಂದು ಸಾಲು ಇಂಗ್ಲಿಷ್ ಮೂಡಿ ಅಲ್ಲೇ ನಿಂತಿತು.

"ನಿನ್ನೆ ಅಂಗಡ್ಯಾಗ ಇದ್ದಾಂವ ನೀ ಒಬ್ಬನ. ಏನ್ ಮಾಡಿದಿ?" ಈರಣ್ಣ ತನ್ನ ಪಾಲುದಾರನನ್ನು ಕೇಳಿದ.

"ನಾ ಏನ್ ಮಾಡ್ಲಿ ಅಣ್ಣಾ? ರಿಪೇರಿಯವ ಬಂದ, ಕೆಲಸ ಮುಗಿಸಿ ಹೋದ," ಎಂದ ಗುರುಲಿಂಗ.

ಈರಣ್ಣ ಜೇಬಿನಿಂದ ಪುಟ್ಟ ಪೆನ್‌ಡ್ರೈವ್ ತೆಗೆದು ಮೇಜಿನ ಮೇಲೆ ಕುಕ್ಕಿದ. ದಿನದಂತೆ ಪೂಜೆಗೆ ಮೊದಲು ಧೂಳು ಒರೆಸುವಾಗ ಕಂಪ್ಯೂಟರಿನ ಹಿಂಬದಿಗೆ ಸಿಕ್ಕಿಸಿದ್ದ ಅದು ಕೈಗೆ ತಗುಲಿತ್ತು; ಕಿತ್ತು ಜೇಬಿಗೆ ಹಾಕಿಕೊಂಡಿದ್ದ.

"ಇದು ಯಾರದು?"

"ನನ್ನದಲ್ಲ."

"ಹಂಗಾರ ದೆವ್ವದ್ದೇನು? ಮದುವಿ ಫೋಟೋ ಎಲ್ಲಾ ಇದಕ್ಕ ಇಳಿಸ್ಕೊಂಡಿ. ನನಗ ಗೊತ್ತಾಗಬಾರದಂತ ಕಂಪ್ಯೂಟರ್ ಕೆಡಿಸಿಟ್ಟಿ. ಬ್ಯಾರೆ ಅಂಗಡಿ ಹಾಕಾಂವ ಅದಿಯಲ್ಲ?"

ಗುರುಲಿಂಗ ಅಂಗಡಿಯ ಬೀಗದ ಕೈಯನ್ನು ಪೆನ್‌ಡ್ರೈವಿನ ಪಕ್ಕದಲ್ಲಿಟ್ಟು ಮೆಟ್ಟಿಲಿಳಿದು ಹೋದ. ಈರಣ್ಣ ತಡೆಯಲಿಲ್ಲ. ರಿಪೇರಿಯವನಿಗೆ ಫೋನ್ ಮಾಡಿ ಕರೆಸಿದ.

"ಕಳ್ಳನ್ನ ಹಿಡದೀನಿ. ಏನೇನ್ ಕೆಡಿಸ್ಯಾನ, ನೋಡಿ ಹೇಳು."

ರಿಪೇರಿಯವ ಬಗ್ಗಿ ಕಂಪ್ಯೂಟರಿನ ಹಿಂದೆ ಕೈಯಾಡಿಸಿದ. ಆಮೇಲೆ ಅವನ ಕಣ್ಣು ಮೇಜಿನ ಮೇಲೆ ಬಿತ್ತು.

"ಇದನ್ನ ಯಾಕ ತಗದ್ರಿ ಸಾವ್ಕಾರ್ರ? ಹಳೇ ಮಷೀನು, ಇದಿಲ್ಲದ ಹೊಸ ಡಿಸ್ಕಿಂದ ಚಾಲೂ ಆಗಂಗಿಲ್ಲ ಅಂತ ನಾನ ಹಾಕಿದ್ದೆ. ಸಣ್ಣ ಸಾವ್ಕಾರ್ರಿಗೆ ಹೇಳೂದ ಮರ್ತಬಿಟ್ಟೆ. ಎಲ್ಲಿ, ಅವ್ರು ಕಾಣವಲ್ರಲ್ಲ?"